ಬಾಡಿಗೆ ಸೀಟು ಬೇಡ ಅಂತ ನಮ್ಮ ಕಾರ್ ಸೀಟನ್ನೇ ವಿಮಾನ ಹತ್ತಿಸಿದ್ದು

ರಾತ್ರಿ ಹನ್ನೊಂದು ಗಂಟೆ. ವಿಮಾನ ನಿಲ್ದಾಣದ ಕಾರ್ ಬಾಡಿಗೆ ಕೌಂಟರ್ ಮುಂದೆ ನಿಂತಿದ್ದೆವು. ಹದಿನಾರು ತಿಂಗಳ ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎರಡು ತಿಂಗಳ ಮೊದಲೇ ಕಾರ್ ಬುಕ್ ಮಾಡುವಾಗ ಮಗುವಿನ ಸೀಟು ಬೇಕು ಅಂತ ಟಿಕ್ ಹಾಕಿದ್ದೆ. ಟಿಕ್ ಹಾಕಿದ ಮೇಲೆ ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದೆ. ಒಳಗಿನಿಂದ ತಂದುಕೊಟ್ಟಿದ್ದು ಬೂಸ್ಟರ್. ಶಾಲೆಗೆ ಹೋಗುವ ಮಕ್ಕಳು ಕಾರಿನ ಬೆಲ್ಟನ್ನೇ ಹಾಕಿಕೊಂಡು ಕೂರಲಿ ಅಂತ ಮಾಡಿರುವ, ತನ್ನದೇ ಬೆಲ್ಟ್ ಇಲ್ಲದ ದಪ್ಪ ದಿಂಬಿನಂಥ ವಸ್ತು ಅದು. ಹದಿನಾರು ತಿಂಗಳ ಕೂಸನ್ನು ಅದರ ಮೇಲೆ ಕೂರಿಸಿದರೆ ಮೊದಲ ಬ್ರೇಕಿಗೇ ಜಾರಿ ಕೆಳಗೆ ಬೀಳುತ್ತದೆ.

ಬೇರೆ ಕೊಡಿ ಅಂದೆವು. ಇಪ್ಪತ್ತು ನಿಮಿಷ ಆದ ಮೇಲೆ ಇನ್ನೊಂದು ಬಂತು. ಇದಕ್ಕೆ ಬೆಲ್ಟ್ ಇತ್ತು, ಹಿಂದಕ್ಕೆ ಮುಖ ಮಾಡಿಯೂ ಕೂರಿಸಬಹುದಿತ್ತು. ಸದ್ಯ ಅಂದುಕೊಂಡು ಪಾರ್ಕಿಂಗಿಗೆ ಹೋಗಿ ಕಾರಿನ ಒಳಗಿನ ಲೈಟ್ ಹಾಕಿ ನೋಡಿದರೆ, ಎಡಗಡೆಯ ಭುಜದ ಪಟ್ಟಿ ಒಂದು ತೂತಿನಲ್ಲಿದೆ, ಬಲಗಡೆಯದು ಅದರ ಮೇಲಿನ ತೂತಿನಲ್ಲಿದೆ. ಕಾಲುಗಳ ನಡುವೆ ಬರುವ ಪಟ್ಟಿ ಎರಡು ಸುತ್ತು ತಿರುಚಿಕೊಂಡಿದೆ. ಬಕಲ್ ಒಳಗೆ ಯಾರದೋ ಮಗು ತಿಂದ ಬಿಸ್ಕತ್ತಿನ ಪುಡಿ ತುಂಬಿಕೊಂಡು, ಒತ್ತಿದರೆ ಕ್ಲಿಕ್ ಅನ್ನುವ ಸದ್ದೇ ಬರುತ್ತಿಲ್ಲ. ತಯಾರಾದ ತಾರೀಕು ಇರಬೇಕಾದ ಲೇಬಲ್ ಅರ್ಧ ಕಿತ್ತುಹೋಗಿದೆ. ಕೈಪಿಡಿಯಂತೂ ಇಲ್ಲವೇ ಇಲ್ಲ.

ನಮ್ಮನೆಯವರು ಕೌಂಟರಿಗೆ ವಾಪಸ್ ಹೋಗಿ, ಒಂಚೂರು ಬಂದು ಹಾಕಿಕೊಡಿ ಅಂತ ಕೇಳಿದರು. "ನಾವು ಸೀಟು ಕೊಡಬಹುದು ಸರ್, ಹಾಕಿಕೊಡುವ ಹಾಗಿಲ್ಲ" ಅಂದರಂತೆ. ಆ ಹುಡುಗನನ್ನು ನಾನು ದೂರುವುದಿಲ್ಲ. ತಪ್ಪಾಗಿ ಹಾಕಿ ಏನಾದರೂ ಆದರೆ ಹೊಣೆ ಅವರ ಮೇಲೆ ಬರುತ್ತದೆ ಅಂತ ಕಾರ್ ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಫೋನಿನಲ್ಲಿ ಮಾಡೆಲ್ ನಂಬರ್ ಹುಡುಕಿ, ಕಂಪನಿಯ ಕೈಪಿಡಿ ತೆಗೆದು, ಟಾರ್ಚ್ ಬೆಳಕಿನಲ್ಲಿ ಪಟ್ಟಿಗಳನ್ನು ಬಿಚ್ಚಿ ಸರಿಯಾದ ತೂತಿಗೆ ಸೇರಿಸಿ, ಬಕಲನ್ನು ತಲೆಕೆಳಗು ಹಿಡಿದು ತಟ್ಟಿ ಪುಡಿ ಉದುರಿಸಿ, ಸೀಟನ್ನು ಕಾರಿಗೆ ಬಿಗಿಯುವಷ್ಟರಲ್ಲಿ ಐವತ್ತು ನಿಮಿಷ ಆಗಿತ್ತು. ಮಗಳು ಎದ್ದು ಅಳುತ್ತಿದ್ದಳು. ಎಷ್ಟು ಬಿಗಿದರೂ ಸೀಟು ಅಲ್ಲಾಡುವುದು ನಿಲ್ಲಲಿಲ್ಲ. ಎರಡು ಗಂಟೆಯ ದಾರಿ ಪೂರ್ತಿ ನಾನು ಹಿಂದೆ ಅವಳ ಪಕ್ಕ ಕೂತು ಒಂದು ಕೈಯಲ್ಲಿ ಸೀಟಿನ ಅಂಚನ್ನು ಒತ್ತಿ ಹಿಡಿದಿದ್ದೆ. ಕೈಯಲ್ಲಿ ಹಿಡಿದರೆ ಏನೂ ಉಪಯೋಗವಿಲ್ಲ ಅಂತ ಗೊತ್ತಿದ್ದೂ ಹಿಡಿದಿದ್ದೆ. ಮರುದಿನ ಬೆಳಗ್ಗೆ ಮತ್ತೆ ಅಷ್ಟು ದೂರ ಹೋಗಿ ಸೀಟು ಬದಲಾಯಿಸಿಕೊಂಡು ಬಂದೆವು.

ಆವತ್ತು ನನ್ನನ್ನು ಜಾಸ್ತಿ ಕಾಡಿದ್ದು ಆ ಬಿಸ್ಕತ್ತಿನ ಪುಡಿಯಲ್ಲ. ಈ ಸೀಟು ಮೊದಲು ಯಾರ ಕಾರಿನಲ್ಲಿತ್ತು, ಯಾವುದಾದರೂ ಅಪಘಾತದಲ್ಲಿ ಸಿಕ್ಕಿಕೊಂಡಿತ್ತಾ, ಯಾರಾದರೂ ಎತ್ತಿ ಎಸೆದಿದ್ದರಾ, ಒಂದೂ ಗೊತ್ತಿಲ್ಲ ಅನ್ನುವುದು. ಕಾರ್ ಸೀಟು ಒಂದು ಜೋರು ಅಪಘಾತ ಕಂಡರೆ ಅದರ ಕೆಲಸ ಮುಗಿಯಿತು, ಹೊರಗಡೆ ಒಂದು ಗೀರೂ ಕಾಣದಿದ್ದರೂ ಬದಲಾಯಿಸಬೇಕು. ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ. ಮಾಡೆಲ್ ನೋಡಿಕೊಂಡು 6ರಿಂದ 10 ವರ್ಷ ಅಂತ ಕಂಪನಿಗಳೇ ಅವಧಿ ಹಾಕಿರುತ್ತವೆ. ಲೇಬಲ್ಲೇ ಇಲ್ಲದ ಸೀಟಿಗೆ ಎಷ್ಟು ವಯಸ್ಸು ಅಂತ ಯಾರನ್ನು ಕೇಳುವುದು?

ಅದೇ ಪ್ರಯಾಣದಲ್ಲಿ ಇನ್ನೊಂದು ವಿಷಯವೂ ಆಗಿತ್ತು. ಎರಡು ವರ್ಷದೊಳಗಿನ ಮಗು, ತೊಡೆಯ ಮೇಲೆ ಕೂರಿಸಿಕೊಂಡರೆ ಬೇರೆ ಸೀಟು ಬೇಡ ಅಂತ ಅವಳಿಗೆ ಟಿಕೆಟ್ ತೆಗೆದಿರಲಿಲ್ಲ. ಇಳಿಯುವುದಕ್ಕೆ ಅರ್ಧ ಗಂಟೆ ಇರುವಾಗ ವಿಮಾನ ಒಮ್ಮೆ ಧಡ್ ಅಂತ ಕೆಳಗಿಳಿಯಿತು. ಒಂದೇ ಒಂದು ಸಲ, ಒಂದೆರಡು ಸೆಕೆಂಡ್ ಇರಬಹುದು. ಮಗಳು ನನ್ನ ತೊಡೆಯಿಂದ ಮೇಲಕ್ಕೆ ಎದ್ದಳು. ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರಿಂದ ಅವಳ ಅಂಗಿ ನನ್ನ ಮುಷ್ಟಿಯಲ್ಲಿ ಉಳಿಯಿತು, ಮೈ ನನ್ನ ಗದ್ದದವರೆಗೆ ಬಂದಿತ್ತು. ಏನೂ ಪೆಟ್ಟಾಗಲಿಲ್ಲ. ಆದರೆ ಅಮ್ಮನ ಕೈ ಎಷ್ಟು ಗಟ್ಟಿ ಅಂತ ನಾನು ನಂಬಿದ್ದೆನೋ ಆ ನಂಬಿಕೆ ಆವತ್ತೇ ಹೋಯಿತು.

ಮನೆಗೆ ಬಂದ ಮೇಲೆ ಇದರ ಬಗ್ಗೆ ಓದಿದೆ. 1989ರ ಜುಲೈ 19ರಂದು ಅಮೆರಿಕದ ಅಯೋವಾದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ತುರ್ತಾಗಿ ಇಳಿಯುವಾಗ ಅಪಘಾತವಾಯಿತು. ಅದರಲ್ಲಿ ತೊಡೆಯ ಮೇಲಿನ ಮಕ್ಕಳು ನಾಲ್ವರಿದ್ದರು. ಅಂಥ ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳಿ ಅಂತ ಹೇಳುವುದೇ ಆಗಿನ ಪದ್ಧತಿಯಾಗಿತ್ತು. ಅವರಲ್ಲಿ ಒಂದು ಮಗು ತೀರಿಕೊಂಡಿತು. ಆ ವಿಮಾನದ ಮುಖ್ಯ ಗಗನಸಖಿಯಾಗಿದ್ದ ಜಾನ್ ಬ್ರೌನ್, ಮಕ್ಕಳಿಗೂ ಅವರದೇ ಸೀಟು, ಅವರದೇ ಬೆಲ್ಟ್ ಬೇಕು ಅಂತ ಆಮೇಲೆ ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕೂಡ ಅದನ್ನೇ ಹೇಳುತ್ತಾ ಬಂದಿದೆ. ವಿಮಾನಯಾನ ಇಲಾಖೆ ಎಫ್‌ಎಎ ಮಾತ್ರ ಇದನ್ನು ಕಡ್ಡಾಯ ಮಾಡಿಲ್ಲ. ಇನ್ನೊಂದು ಟಿಕೆಟ್ ತೆಗೆಯಲಾಗದ ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಲ್ಲಿ ಅಪಾಯ ಇನ್ನೂ ಜಾಸ್ತಿ ಅನ್ನುವುದು ಅವರ ವಾದ. ಆದರೂ ಚಿಕ್ಕ ಮಗುವಿಗೆ ವಿಮಾನದಲ್ಲಿ ಎಲ್ಲಕ್ಕಿಂತ ಸುರಕ್ಷಿತ ಜಾಗ ಒಪ್ಪಿಗೆ ಪಡೆದ ಸೀಟೇ, ತೊಡೆಯಲ್ಲ ಅಂತ ಎಫ್‌ಎಎ ತಾನೇ ಹೇಳುತ್ತದೆ.

ಮುಂದಿನ ಪ್ರಯಾಣದ ಹೊತ್ತಿಗೆ ಮಗಳಿಗೆ ಎರಡು ವರ್ಷ ಏಳು ತಿಂಗಳು. ಟಿಕೆಟ್ ಹೇಗಿದ್ದರೂ ತೆಗೆಯಲೇಬೇಕಿತ್ತು. ಆ ಸೀಟಿನ ಮೇಲೆ ನಮ್ಮ ಕಾರ್ ಸೀಟನ್ನೇ ಕೂರಿಸಿದರೆ ವಿಮಾನದಲ್ಲೂ ಆಯಿತು, ಇಳಿದ ಮೇಲೆ ಬಾಡಿಗೆ ಕಾರಿಗೂ ಆಯಿತು ಅಂತ ಲೆಕ್ಕ ಹಾಕಿದೆವು.

ಮನೆಯ ಕಾರಿನಲ್ಲಿದ್ದ ಸೀಟನ್ನು ಎತ್ತಿ ನೋಡಿದೆ. ಹನ್ನೊಂದು ಕೆಜಿ! ಅದರ ಜೊತೆಗೆ ಮಗು, ಬ್ಯಾಗು, ಸೂಟ್‌ಕೇಸು. ಆಗದ ಮಾತು. ಪ್ರಯಾಣಕ್ಕೆ ಅಂತಲೇ ನಾಲ್ಕೂವರೆ ಕೆಜಿಯ ಸಾದಾ ಸೀಟೊಂದನ್ನು ಕೊಂಡೆವು. ಕಪ್ ಇಡುವ ಜಾಗ, ಮೆತ್ತನೆಯ ದಿಂಬು ಒಂದೂ ಇಲ್ಲ, ಆದರೆ ದೊಡ್ಡ ಸೀಟು ಪಾಸಾಗಬೇಕಾದ ಅಪಘಾತ ಪರೀಕ್ಷೆಯನ್ನೇ ಇದೂ ಪಾಸಾಗಿರುತ್ತದೆ. ಹಗುರ ಅಂದರೆ ಕಡಿಮೆ ಸುರಕ್ಷಿತ ಅಂತ ನಮ್ಮ ಅತ್ತೆಗೆ ಚಿಂತೆಯಾಗಿತ್ತು, ಲೇಬಲ್ ತೋರಿಸಿ ಸಮಾಧಾನ ಮಾಡಿದೆ.

ಲೇಬಲ್ ಅಂದೆನಲ್ಲ, ಕೊಳ್ಳುವ ಮೊದಲು ನೋಡಬೇಕಾದದ್ದು ಅದನ್ನೇ. ನಮ್ಮದು ಅಮೆರಿಕದ ನಿಯಮದ ಸೀಟು. ವಾಹನದಲ್ಲೂ ವಿಮಾನದಲ್ಲೂ ಬಳಸಲು ಪ್ರಮಾಣೀಕರಿಸಿದೆ ಅಂತ ಅದರ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲಿದೆ. ವಿಮಾನದಲ್ಲಿ ಕೇಳುವುದು ಆ ಕೆಂಪು ಸಾಲನ್ನೇ. ಯುರೋಪಿನ ಕೆಲವು ಸೀಟುಗಳಿಗೆ ವಿಮಾನಕ್ಕೂ ಆಗುತ್ತದೆ ಅನ್ನುವ ಟಿಯುವಿ ಲೇಬಲ್ ಇರುತ್ತದೆ, ಎಲ್ಲದಕ್ಕೂ ಇರುವುದಿಲ್ಲ. ಕಾರಿನ ಸೀಟಿನ ಸಂದಿಯಲ್ಲಿರುವ ಕಂಬಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಯಿಂದ ಮಾತ್ರ ಕೂರಿಸಬಹುದಾದ ಸೀಟು ವಿಮಾನಕ್ಕೆ ಬರುವುದಿಲ್ಲ, ಯಾಕೆಂದರೆ ವಿಮಾನದಲ್ಲಿ ಅಂಥ ಕೊಕ್ಕೆ ಸಿಕ್ಕಿಸುವ ಜಾಗವೇ ಇಲ್ಲ, ಸೊಂಟದ ಬೆಲ್ಟ್ ಒಂದೇ ಇರುವುದು.

ಬೇರೆ ದೇಶಕ್ಕೆ ಹೊರಟವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕಾರ್ ಸೀಟಿನ ಸುರಕ್ಷತಾ ನಿಯಮ ಎಲ್ಲ ಕಡೆ ಒಂದೇ ಅಲ್ಲ: ಅಮೆರಿಕದ ಸೀಟಿಗೆ ಎಫ್‌ಎಂವಿಎಸ್‌ಎಸ್ 213, ಯುರೋಪಿನದಕ್ಕೆ ಆರ್129 ಅಥವಾ ಹಳೆಯ ಆರ್44, ಕೆನಡಾಕ್ಕೆ ಅದರದೇ ಗುರುತು, ಆಸ್ಟ್ರೇಲಿಯಾಕ್ಕೆ ಮತ್ತೊಂದು. ಒಂದು ಕಡೆಯ ಸೀಟು ಇನ್ನೊಂದು ಕಡೆಯ ರಸ್ತೆಯಲ್ಲಿ ಕಾನೂನಿನ ಪ್ರಕಾರ ನಡೆಯದೇ ಇರಬಹುದು. ಇದು ಬರೀ ಕಾಗದದ ಮಾತೂ ಅಲ್ಲ. ಅಮೆರಿಕದ ಕಾರಿನಲ್ಲಿ ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಕೊನೆತನಕ ಎಳೆದು ಬಿಟ್ಟರೆ ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ವಾಪಸ್ ಹೋಗಿ ಲಾಕ್ ಆಗುತ್ತದೆ, ಆಮೇಲೆ ಸಡಿಲ ಬಿಡುವುದಿಲ್ಲ. ಅಲ್ಲಿನ ಎಷ್ಟೋ ಸೀಟುಗಳು ಆ ಲಾಕನ್ನೇ ನಂಬಿಕೊಂಡಿವೆ. ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಈ ಲಾಕ್ ಇರುವುದಿಲ್ಲ, ಹಾಗಾಗಿ ಅದೇ ಸೀಟನ್ನು ಅಲ್ಲಿ ಬಿಗಿದರೆ ಬೆಲ್ಟ್ ಮೆಲ್ಲಗೆ ಸಡಿಲ ಆಗುತ್ತಾ ಹೋಗುತ್ತದೆ. ನಾವು ಎರಡು ಸಲವೂ ಒಂದೇ ನಿಯಮ ನಡೆಯುವ ಕಡೆಗೇ ಹೋಗಿದ್ದು, ಅದಕ್ಕೆ ಈ ತೊಂದರೆ ಬರಲಿಲ್ಲ. ನಿಯಮ ಬೇರೆ ಇರುವ ಕಡೆ ಹೋಗುವುದಾದರೆ ನಾನು ಅಲ್ಲೇ ಹೊಸ ಸೀಟು ಕೊಂಡು, ಉಳಿದುಕೊಳ್ಳುವ ಮನೆಗೆ ಮೊದಲೇ ತಲುಪುವ ಹಾಗೆ ಮಾಡುತ್ತೇನೆ. ಅಲ್ಲಿ ಸಣ್ಣ ಮಕ್ಕಳಿರುವ ನೆಂಟರಿದ್ದು, ಅವರ ಸೀಟಿನ ಕಥೆ ಅವರಿಗೆ ಪೂರ್ತಿ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಅಳತೆಯನ್ನೂ ತೆಗೆದೆವು. ವಿಮಾನದ ಸಾದಾ ದರ್ಜೆಯ ಸೀಟು ಹೆಚ್ಚು ಕಡಿಮೆ 43ರಿಂದ 46 ಸೆಂ.ಮೀ. ಅಗಲ. ನಮ್ಮ ಕಾರ್ ಸೀಟಿನ ಅತಿ ಅಗಲದ ಜಾಗ 43. ಕೈ ಇಡುವ ಕಟ್ಟೆಯನ್ನು ಮೇಲಕ್ಕೆತ್ತಿದರೆ ಇನ್ನೊಂಚೂರು ಜಾಗ ಸಿಗುತ್ತದೆ.

ಆಮೇಲೆ ವಿಮಾನ ಸಂಸ್ಥೆಗೆ ಫೋನ್ ಮಾಡಿ, ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸುತ್ತೇವೆ ಅಂತ ಬುಕಿಂಗಿನಲ್ಲಿ ಬರೆಸಿದೆ. ಕಿಟಕಿ ಪಕ್ಕದ ಜಾಗ ಕೇಳಿದೆ, ಯಾಕೆಂದರೆ ಕಾರ್ ಸೀಟು ಯಾರ ದಾರಿಗೂ ಅಡ್ಡ ಇರಬಾರದು. ತುರ್ತು ಬಾಗಿಲಿನ ಸಾಲು, ಅದರ ಹಿಂದಿನ ಮುಂದಿನ ಸಾಲು ಕೊಡುವುದಿಲ್ಲ. ನಮಗೆ ಮೊದಲು ತೀರಾ ಮುಂದಿನ ಸಾಲು ಸಿಕ್ಕಿತ್ತು, ಕಾಲು ಚಾಚಲು ಜಾಗ ಇದೆ ಅಂತ ಖುಷಿಯಾಗಿದ್ದೆ. ಫೋನಿನಲ್ಲಿದ್ದ ಹೆಂಗಸು, "ಬೇಡ ಮೇಡಂ, ಆ ಸಾಲಿನ ಬೆಲ್ಟಿನೊಳಗೆ ಗಾಳಿಚೀಲ ಇದೆ, ಅದರಲ್ಲಿ ಕಾರ್ ಸೀಟು ಕಟ್ಟುವ ಹಾಗಿಲ್ಲ" ಅಂತ ಹೇಳಿ ಹಿಂದಿನ ಸಾಲಿಗೆ ಹಾಕಿಕೊಟ್ಟರು. ಫೋನ್ ಮಾಡದಿದ್ದರೆ ಇದು ವಿಮಾನದ ಒಳಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಹೊರಡುವ ಹಿಂದಿನ ವಾರ ಪೂರ್ತಿ ಆ ಸೀಟು ನಮ್ಮ ನಡುಮನೆಯಲ್ಲೇ ಇತ್ತು. ಮಗಳು ಅದರಲ್ಲಿ ಕೂತೇ ಪುಸ್ತಕ ನೋಡುತ್ತಿದ್ದಳು. ನಾವಿಬ್ಬರೂ ಸರದಿ ಮೇಲೆ ಅದನ್ನು ಕಾರಿಗೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದೆವು. ಮೊದಲ ಸಲ ಹದಿನೆಂಟು ನಿಮಿಷ, ಐದನೇ ಸಲ ನಾಲ್ಕು ನಿಮಿಷ. ಕಣ್ಣು ಮುಚ್ಚಿದರೂ ಬೆಲ್ಟ್ ಯಾವ ತೂತಿನಿಂದ ಹೊಕ್ಕು ಯಾವ ತೂತಿನಿಂದ ಬರುತ್ತದೆ ಅಂತ ಬೆರಳಿಗೆ ಗೊತ್ತಾಗಿತ್ತು. ಕೈಪಿಡಿಯನ್ನು ಸೀಟಿನ ಬೆನ್ನಿಗೆ ಟೇಪ್ ಹಾಕಿ ಅಂಟಿಸಿದೆವು.

ಹೊತ್ತುಕೊಂಡು ಹೋಗುವುದು ಹೇಗೆ ಅನ್ನುವುದೇ ನನ್ನ ದೊಡ್ಡ ಭಯವಾಗಿತ್ತು. ಅದು ಸುಲಭವಾಗಿ ಪರಿಹಾರವಾಯಿತು. ಚಕ್ರದ ಸೂಟ್‌ಕೇಸಿನ ಮೇಲೆ ಸೀಟನ್ನು ಇಟ್ಟು ಒಂದು ಉದ್ದನೆಯ ಪಟ್ಟಿಯಿಂದ ಬಿಗಿದು ಎಳೆದುಕೊಂಡು ಹೋದೆವು. ಸೆಕ್ಯುರಿಟಿಯಲ್ಲಿ ಮಗುವನ್ನು ಇಳಿಸಿ, ಸೀಟನ್ನು ಎಕ್ಸ್‌ರೇ ಪಟ್ಟಿಯ ಮೇಲೆ ಉಲ್ಟಾ ಇಟ್ಟರು, ಹಾದುಹೋಯಿತು.

ವಿಮಾನಕ್ಕೆ ಮೊದಲು ಹತ್ತುವ ಅವಕಾಶ ಕೊಟ್ಟರೆ ಬಿಡಬೇಡಿ. ಸಾಲುಗಳ ನಡುವಿನ ದಾರಿಯಲ್ಲಿ ಸೀಟನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಹೋಗಬೇಕು, ಜನ ಕೂತಿದ್ದರೆ ಕಷ್ಟ. ನಮ್ಮನೆಯವರು ಸೀಟು ಹಿಡಿದು ಮುಂದೆ ಹೋದರು, ನಾನು ಮಗಳ ಕೈ ಹಿಡಿದು ಹಿಂದೆ.

ಕಿಟಕಿ ಪಕ್ಕದ ಸೀಟಿನ ಮೇಲೆ ಕಾರ್ ಸೀಟು ಇಟ್ಟು, ವಿಮಾನದ ಬೆಲ್ಟನ್ನು ಅದರ ಹಿಂದಿನ ದಾರಿಯಲ್ಲಿ ತೂರಿಸಿ, ಬಕಲ್ ಹಾಕಿ, ಸೀಟಿನೊಳಗೆ ಮಂಡಿ ಊರಿ ಭಾರ ಬಿಟ್ಟು ಬೆಲ್ಟಿನ ತುದಿ ಎಳೆದರು. ಬಿಗಿಯಾಯಿತು. ಮಗಳನ್ನು ಕೂರಿಸಿದ ತಕ್ಷಣ, "ಅಮ್ಮಾ, ಬೆನ್ನು ಚುಚ್ತದೆ" ಅಂದಳು. ಕೈ ಹಾಕಿ ನೋಡಿದರೆ ವಿಮಾನದ ಆ ದಪ್ಪ ಲೋಹದ ಬಕಲ್ ಸರಿಯಾಗಿ ಅವಳ ಬೆನ್ನಿನ ನಡುವೆ, ತೆಳು ಬಟ್ಟೆಯ ಹಿಂದೆ ಬಂದು ಕೂತಿತ್ತು. ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಕಾರಿನಲ್ಲಿ ಬಕಲ್ ಪಕ್ಕದಲ್ಲಿರುತ್ತದೆ, ವಿಮಾನದಲ್ಲಿ ನಡುವೆ ಬರುತ್ತದೆ. ಗಗನಸಖಿ ಬಂದು ನೋಡಿ, ಒಂದು ತುಂಡು ಹೆಚ್ಚುವರಿ ಬೆಲ್ಟ್ ತಂದುಕೊಟ್ಟರು. ಅದನ್ನು ಸೇರಿಸಿದಾಗ ಬಕಲ್ ಸರಿದು ಸೀಟಿನ ಪಕ್ಕಕ್ಕೆ ಬಂತು. ಮತ್ತೆ ಮಂಡಿ ಊರಿ ಎಳೆದೆವು. ಅವರು ಕೆಂಪು ಅಕ್ಷರದ ಸಾಲು ಓದಿ, ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಿ, "ಗಟ್ಟಿಯಾಗಿದೆ" ಅಂತ ಮಗಳ ಕೆನ್ನೆ ಮುಟ್ಟಿ ಹೋದರು. ಬೆಲ್ಟ್ ಕಟ್ಟುವಾಗ ಬಕಲಿನ ಮುಚ್ಚಳ ಎತ್ತಲು ಜಾಗ ಇರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಬಿಚ್ಚಲು ಆಗುವುದಿಲ್ಲ.

ಕಾರಿನಲ್ಲಿ ನಾವು ಅವಳನ್ನು ಇನ್ನೂ ಹಿಂದಕ್ಕೆ ಮುಖ ಮಾಡಿಯೇ ಕೂರಿಸುತ್ತೇವೆ. ಸಣ್ಣ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತು ಎಳೆಯದು, ಮುಂದಿನಿಂದ ಡಿಕ್ಕಿಯಾದರೆ ಬೆನ್ನು ಪೂರ್ತಿ ಸೀಟಿಗೆ ಒರಗಿರುವುದರಿಂದ ಕತ್ತಿನ ಮೇಲೆ ಅಷ್ಟು ಎಳೆತ ಬೀಳುವುದಿಲ್ಲ. ಸೀಟಿನ ತೂಕ ಎತ್ತರದ ಮಿತಿ ಮುಟ್ಟುವ ತನಕ ಹಾಗೇ ಕೂರಿಸಿದರೆ ಒಳ್ಳೆಯದು. ಆದರೆ ವಿಮಾನದಲ್ಲಿ ಹಾಗೆ ಇಟ್ಟರೆ ಮುಂದಿನವರು ಒರಗಿಕೊಳ್ಳಲು ಆಗುವುದಿಲ್ಲ, ಅದಕ್ಕೆ ಈ ಪ್ರಯಾಣದಲ್ಲಿ ಮುಂದಕ್ಕೆ ಮುಖ ಮಾಡಿ ಕಟ್ಟಿದೆವು. ಭುಜದ ಪಟ್ಟಿಯ ತೂತು ಆಗ ಬದಲಾಗುತ್ತದೆ ಅನ್ನುವುದು ಮರೆಯಬೇಡಿ. ಹಿಂದಕ್ಕೆ ಮುಖವಿದ್ದರೆ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ, ಮುಂದಕ್ಕೆ ಮುಖವಿದ್ದರೆ ಭುಜದ ಮಟ್ಟದಲ್ಲಿ ಅಥವಾ ಮೇಲೆ. ಒಂದೇ ತೊಂದರೆ ಅಂದರೆ, ಮುಂದಕ್ಕೆ ಕೂತಾಗ ಅವಳ ಕಾಲು ಮುಂದಿನವರ ಸೀಟಿನ ಬೆನ್ನಿಗೆ ತಾಗುತ್ತಿತ್ತು. ಶೂ ಬಿಚ್ಚಿಸಿ, ಮುಂದೆ ಕೂತಿದ್ದ ಹಿರಿಯರಿಗೆ ಮೊದಲೇ ಹೇಳಿದೆ. "ಮಗು ಅಲ್ವಾ, ಪರವಾಗಿಲ್ಲಮ್ಮ" ಅಂದರು.

ಐದು ಗಂಟೆಯ ಹಾರಾಟದಲ್ಲಿ ಅವಳು ಮೂರು ಗಂಟೆ ನಿದ್ದೆ ಮಾಡಿದಳು. ನಡುಮನೆಯಲ್ಲಿ ಒಂದು ವಾರ ಕೂತ ಸೀಟೇ ಆದ್ದರಿಂದ ಅದು ಅವಳಿಗೆ ಹೊಸ ಜಾಗ ಅನ್ನಿಸಲಿಲ್ಲ. ಮಧ್ಯೆ ಒಂದು ಸಲ ವಿಮಾನ ಅಲ್ಲಾಡಿತು. ನನ್ನ ಕೈ ತಾನಾಗಿಯೇ ಅವಳ ಕಡೆ ಹೋಯಿತು. ಅವಳ ತಲೆ ಸೀಟಿನ ಅಂಚಿಗೆ ಒರಗಿತ್ತು, ಐದೂ ಪಟ್ಟಿ ಮೈಗೆ ಅಂಟಿಕೊಂಡಿದ್ದವು. ಎದ್ದೇಳಲೇ ಇಲ್ಲ.

ಇಳಿದ ಮೇಲೆ ಬಾಡಿಗೆ ಕಾರಿಗೆ ಸೀಟು ಕಟ್ಟಿದ್ದು ಆರು ನಿಮಿಷದಲ್ಲಿ. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿದರೆ 2.5 ಸೆಂ.ಮೀ.ಗಿಂತ ಕಡಿಮೆ ಅಲುಗಬೇಕು, ಮೇಲಿನ ತುದಿಯಲ್ಲಿ ಹಿಡಿದು ನೋಡುವುದು ಲೆಕ್ಕವಲ್ಲ. ಮಗುವಿನ ದಪ್ಪ ಜಾಕೆಟ್ ತೆಗೆದು ಪಟ್ಟಿ ಬಿಗಿದು, ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಬೇಕು. ಮಡಿಕೆ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲ ಅಂತ. ಎದೆಯ ಕ್ಲಿಪ್ ಇದ್ದರೆ ಕಂಕುಳ ಮಟ್ಟಕ್ಕಿರಬೇಕು. ಆ ರಾತ್ರಿ ನಾನು ಮುಂದಿನ ಸೀಟಿನಲ್ಲಿ ಕೂತು ದಾರಿ ನೋಡುತ್ತಾ ಹೋದೆ.

ಹಾಗಂತ ಬಾಡಿಗೆ ಸೀಟೇ ತೆಗೆದುಕೊಳ್ಳಬೇಡಿ ಅಂತ ನಾನು ಹೇಳಲ್ಲ. ಒಬ್ಬರೇ ಎರಡು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರೆ, ಇಳಿದ ಮೇಲೆ ಬಸ್ಸು ರೈಲು ಹತ್ತಿ ಮೂರನೇ ದಿನಕ್ಕೆ ಮಾತ್ರ ಕಾರ್ ಬೇಕಾಗಿದ್ದರೆ, ಸೀಟು ಹೊತ್ತುಕೊಂಡು ತಿರುಗುವುದು ಶಿಕ್ಷೆಯೇ. ಮಕ್ಕಳ ಸಾಮಾನನ್ನೇ ಬಾಡಿಗೆಗೆ ಕೊಡುವವರೂ ಇದ್ದಾರೆ, ಅಂಥವರಿಗೆ ಮೊದಲೇ ಫೋನ್ ಮಾಡಿ ಮಾಡೆಲ್, ತಯಾರಾದ ವರ್ಷ, ಅಪಘಾತ ಕಂಡಿದೆಯಾ ಅಂತ ನೇರವಾಗಿ ಕೇಳಿ. ಕೌಂಟರಿನಲ್ಲಿ ತೆಗೆದುಕೊಂಡರೆ ಮಗುವಿನ ವಯಸ್ಸಲ್ಲ, ತೂಕ ಮತ್ತು ಎತ್ತರ ಹೇಳಿ. ಲೇಬಲ್ ಇಲ್ಲದ್ದು, ಬಕಲ್ ಕ್ಲಿಕ್ ಅನ್ನದ್ದು, ಪಟ್ಟಿಯ ಅಂಚು ನೂಲು ಬಿಟ್ಟಿದ್ದು ಯಾವುದನ್ನೂ ಒಪ್ಪಬೇಡಿ. ಎಷ್ಟು ಸುಸ್ತಾಗಿದ್ದರೂ ಅಲ್ಲೇ, ಆ ಪಾರ್ಕಿಂಗಿನಲ್ಲೇ ಕಟ್ಟಿ ನೋಡಿ. ಅಲ್ಲಿಂದ ಹೊರಟ ಮೇಲೆ ನನ್ನ ಹಾಗೆ ಎರಡು ಗಂಟೆ ಕೈ ಒತ್ತಿ ಹಿಡಿಯಬೇಕಾಗುತ್ತದೆ.

ಕೇರ್ಸ್ ಅಂತ ಒಂದು ಪಟ್ಟಿಯೂ ಬರುತ್ತದೆ. ವಿಮಾನದ ಸೀಟಿನ ಬೆನ್ನಿಗೆ ಸುತ್ತಿ ಮಗುವಿಗೆ ಭುಜದ ಬೆಲ್ಟ್ ಆಗುವಂಥದ್ದು, ಎಫ್‌ಎಎ ಒಪ್ಪಿಗೆ ಇದೆ, ಸುಮಾರು 10ರಿಂದ 20 ಕೆಜಿ ಮಕ್ಕಳಿಗೆ, ಮಡಚಿದರೆ ಕೈಚೀಲದಲ್ಲಿ ಹಿಡಿಯುತ್ತದೆ. ಆದರೆ ಅದು ವಿಮಾನಕ್ಕೆ ಮಾತ್ರ. ಇಳಿದ ಮೇಲೆ ಕಾರಿಗೆ ಬೇರೆ ಸೀಟು ಬೇಕೇ ಬೇಕು.

ಈಗ ವಾಪಸ್ ಬಂದ ಕಥೆ. ಮೊದಲ ವಿಮಾನ ತಡವಾಗಿ, ಎರಡನೆಯದು ತಪ್ಪಿತು. ಬೇರೆ ವಿಮಾನಕ್ಕೆ ಹಾಕಿದರು, ಜಾಗಗಳು ಚೆಲ್ಲಾಪಿಲ್ಲಿಯಾದವು, ಕಿಟಕಿ ಪಕ್ಕದ್ದು ಒಂದೂ ಇಲ್ಲ. ಬಾಗಿಲ ಹತ್ತಿರ ನಿಂತಿದ್ದವರು, ಈಗ ಜಾಗ ಬದಲಾಯಿಸಲು ಸಮಯ ಇಲ್ಲ, ಸೀಟನ್ನು ಕೆಳಗೆ ಸಾಮಾನಿನ ಜೊತೆ ಹಾಕುತ್ತೇವೆ, ಇಳಿದಾಗ ಕೊಡುತ್ತೇವೆ ಅಂದರು. ಮಗುವಿಗೆ ಟಿಕೆಟ್ ಇದ್ದು, ಸೀಟಿಗೆ ಒಪ್ಪಿಗೆ ಲೇಬಲ್ ಇದ್ದರೆ ಅಮೆರಿಕದ ವಿಮಾನಗಳಲ್ಲಿ ಅದನ್ನು ಬೇಡ ಅನ್ನುವ ಹಾಗಿಲ್ಲ, ಎಲ್ಲಿ ಕೂರಿಸಬೇಕು ಅಂತ ಅವರು ತೀರ್ಮಾನಿಸಬಹುದು ಅಷ್ಟೇ. ಆ ನಿಯಮದ ಪ್ರಿಂಟ್ ನನ್ನ ಬ್ಯಾಗಿನಲ್ಲೇ ಇತ್ತು. ಹೊರಗೆ ತೆಗೆಯಬೇಕಿತ್ತು. ಮಗಳು ಅಳುತ್ತಿದ್ದಳು, ಹಿಂದೆ ಸಾಲು ನಿಂತಿತ್ತು, ನಾನು ಸೀಟನ್ನು ಕೊಟ್ಟುಬಿಟ್ಟೆ. ಇದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಇಳಿದಾಗ ಸೀಟು ಬಂತು. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ, ಒಂದು ಕಡೆ ಕಪ್ಪು ಗೀರು ಮಾತ್ರ. ನಮ್ಮನೆಯವರು ಹೋಗೋಣ ಅಂದರು. "ಒಂದ್ನಿಮಿಷ ಇರ್ರೀ" ಅಂತ ನಾನು ಅಲ್ಲೇ ನೆಲದ ಮೇಲೆ ಕೂತು ಸೀಟಿನ ಬಟ್ಟೆಯ ಹೊದಿಕೆ ಬಿಚ್ಚಿದೆ. ತಲೆಯ ಪಕ್ಕಕ್ಕೆ ಬರುವ ಕಡೆ, ಒಳಗಿನ ಥರ್ಮೋಕೋಲ್ ಬೆರಳುದ್ದಕ್ಕೆ ಸೀಳಿತ್ತು. ಅದರ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗೆರೆಯೊಂದು ಎದ್ದಿತ್ತು, ಉಗುರು ಇಟ್ಟರೆ ತಾಗುತ್ತಿತ್ತು. ಡಿಕ್ಕಿಯಾದಾಗ ಪೆಟ್ಟನ್ನು ಹೀರಿಕೊಳ್ಳಬೇಕಾದದ್ದೇ ಆ ಥರ್ಮೋಕೋಲ್.

ನಿಲ್ದಾಣ ಬಿಡುವ ಮೊದಲೇ ಲಗೇಜ್ ಕೌಂಟರಿಗೆ ಹೋಗಿ ಫೋಟೋ ತೋರಿಸಿ ದೂರು ಬರೆಸಿದೆವು. ಹೊರಗೆ ಹೋದ ಮೇಲೆ ಹೇಳಿದರೆ, ಎಲ್ಲಿ ಒಡೆಯಿತು ಅಂತ ತೋರಿಸುವುದು ಕಷ್ಟ. ಮನೆಗೆ ಹೋಗುವ ತನಕ ಅಂತ ಅವರೇ ಒಂದು ಸೀಟು ಕೊಟ್ಟರು. ಅದರ ಲೇಬಲ್, ವರ್ಷ, ಬಕಲ್, ಪಟ್ಟಿ ಒಂದೊಂದನ್ನೂ ಅಲ್ಲೇ ನೋಡಿ ತೆಗೆದುಕೊಂಡೆವು. ಸೀಟಿನ ಕಂಪನಿಗೆ ಫೋಟೋ ಕಳಿಸಿದಾಗ, ಇದನ್ನು ಇನ್ನು ಬಳಸಬೇಡಿ ಅಂತ ಉತ್ತರ ಬಂತು. ಮೂರು ವಾರದ ಮೇಲೆ ವಿಮಾನ ಸಂಸ್ಥೆಯವರು ಹೊಸದರ ದುಡ್ಡು ಕೊಟ್ಟರು.

ಯಾವತ್ತಾದರೂ ಲಗೇಜಿಗೆ ಹಾಕಲೇಬೇಕಾದರೆ ಸೀಟು ಬಂದಿದ್ದ ಪೆಟ್ಟಿಗೆಯಲ್ಲೇ ಹಾಕಿ, ಸುತ್ತ ಬಟ್ಟೆ ತುಂಬಿ. ಹೆಚ್ಚಿನ ವಿಮಾನ ಸಂಸ್ಥೆಗಳು ಮಗುವಿನ ಸೀಟಿಗೆ ಲಗೇಜ್ ಲೆಕ್ಕ ಹಿಡಿಯುವುದಿಲ್ಲ. ತೆಳು ಚೀಲ ಮಳೆ ಧೂಳು ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಕೈಗೆ ಬಂದ ಮೇಲೆ ಹೊದಿಕೆ ಬಿಚ್ಚಿ ಒಳಗೆ ನೋಡಿ.

ಒಡೆದ ಸೀಟನ್ನು ಸುಮ್ನೆ ಹೊರಗಿಟ್ಟರೆ ಚೆನ್ನಾಗಿದೆಯಲ್ಲ ಅಂತ ಯಾರಾದರೂ ತೆಗೆದುಕೊಂಡು ಹೋಗುತ್ತಾರೆ. ಹೊದಿಕೆ ಹಾಕಿದರೆ ಆ ಸೀಳು ಕಾಣುವುದೇ ಇಲ್ಲ. ಒಂದು ಭಾನುವಾರ ಕೂತು ಕತ್ತರಿಯಲ್ಲಿ ಅದರ ಐದೂ ಪಟ್ಟಿಗಳನ್ನು ಕತ್ತರಿಸಿದೆ. ತುಂಬಾ ಗಟ್ಟಿ, ಒಂದೊಂದಕ್ಕೂ ಹೊತ್ತು ಹಿಡಿಯಿತು. ಮಗಳು ಪಕ್ಕದಲ್ಲಿ ನಿಂತು, "ಯಾಕಮ್ಮಾ ನನ್ನ ಸೀಟು ಕತ್ತರಿಸ್ತಿದ್ದೀಯಾ?" ಅಂದಳು. "ಇದಕ್ಕೆ ಒಳಗೆ ಪೆಟ್ಟಾಗಿದೆ ಕಂದಾ, ಬೇರೆ ಪಾಪು ಇದರಲ್ಲಿ ಕೂರಬಾರದು" ಅಂದೆ. ಅವಳು ಹೋಗಿ ತನ್ನ ಮಾರ್ಕರ್ ಪೆನ್ನು ತಂದುಕೊಟ್ಟಳು. ಸೀಟಿನ ಬೆನ್ನಿನ ಉದ್ದಕ್ಕೂ ದಪ್ಪ ಅಕ್ಷರದಲ್ಲಿ, ಒಡೆದಿದೆ, ಬಳಸಬೇಡಿ ಅಂತ ಬರೆದು ಆಮೇಲೆ ಹೊರಗಿಟ್ಟೆವು.